ಸೀಸೆಯಲ್ಲಿ ಸುಮ್ಮನಿದ್ದು, ವೇಫರ್ ಮೇಲೆ ಒಡೆಯುವ ಅಣು

ಮನೆಯಲ್ಲಿ ಕಾಡಿಗೆ ಮಾಡೋದನ್ನ ನೋಡಿದ್ದೀರಾ? ಹರಳೆಣ್ಣೆ ದೀಪದ ಮೇಲೆ ತಟ್ಟೆ ಬೋರಲು ಹಾಕ್ತಾರೆ. ಪೂರ್ತಿ ಉರಿಯದ ಎಣ್ಣೆಯ ಆವಿ ಬಿಸಿಗೆ ಒಡೆದು, ಅದರ ಇಂಗಾಲ ತಟ್ಟೆಗೆ ತೆಳುವಾಗಿ ಅಂಟುತ್ತೆ. ಕೆಮಿಕಲ್ ವೇಪರ್ ಡಿಪಾಸಿಷನ್, ಅಂದರೆ ಸಿವಿಡಿ, ಇದರ ದೂರದ ನೆಂಟ. ಬೇಕಾದ ಧಾತುವನ್ನು ಹೊತ್ತ ಆವಿಯನ್ನು ಬಿಸಿ ವೇಫರ್ ಮೇಲೆ ಹರಿಸುತ್ತಾರೆ. ಅಣು ಅಲ್ಲೇ ಒಡೆದು ಧಾತು ಪದರವಾಗಿ ಕೂರುತ್ತೆ, ಉಳಿದದ್ದು ಅನಿಲವಾಗಿ ಹೊರಗೆ ಹೋಗುತ್ತೆ. ಹೀಗೆ ಧಾತುವನ್ನು ಹೊತ್ತು ತರುವ ಅಣುವೇ ಪ್ರಿಕರ್ಸರ್.

ಈಗ ಇಂಡಿಯಂ ಆಂಟಿಮೊನೈಡ್ ಪದರ ಬೇಕು ಅಂತಿಟ್ಟುಕೊಳ್ಳಿ. 3ರಿಂದ 5 ಮೈಕ್ರಾನ್ ತರಂಗದ ಇನ್‌ಫ್ರಾರೆಡ್ ಡಿಟೆಕ್ಟರ್‌ಗಳಲ್ಲಿ ಬಳಸುವ ಅರೆವಾಹಕ ಇದು. ಬಿಸಿ ಎಂಜಿನ್ನನ್ನು ಕತ್ತಲಲ್ಲೂ ಗುರುತಿಸುತ್ತೆ. ಬನಶಂಕರಿಯಲ್ಲಿ ಮೆಟ್ರೋ ಹತ್ತಿ ಯಶವಂತಪುರದ ಕಡೆ ಹೋದರೆ ಸಿಗುವ ನಮ್ಮ ಐಐಎಸ್‌ಸಿಯಲ್ಲೇ, ಭೌತಶಾಸ್ತ್ರ ವಿಭಾಗದ ಎಚ್.ಎಲ್. ಭಟ್ ಅವರ ತಂಡ ಇದನ್ನು ಗ್ಯಾಲಿಯಂ ಆರ್ಸೆನೈಡ್ ಮೇಲೆ ಬೆಳೆಸಿತ್ತು. ಆದರೆ ಅವರದ್ದು ಕರಗಿದ ದ್ರವದಿಂದ ಬೆಳೆಸುವ ವಿಧಾನ. ಸಿವಿಡಿಯಲ್ಲಿ ಆಂಟಿಮನಿ ಆವಿಯಾಗಿಯೇ ಬರಬೇಕು. ಕಷ್ಟ ಶುರುವಾಗೋದು ಅಲ್ಲೇ.

ಅತಿ ಸರಳ ಆಯ್ಕೆ ಸ್ಟಿಬೀನ್: ಒಂದು ಆಂಟಿಮನಿ, ಮೂರು ಹೈಡ್ರೋಜನ್. ಇಂಗಾಲವೇ ಇಲ್ಲ. ಆದರೆ ಇದು ಘೋರ ವಿಷ, ಜೊತೆಗೆ ಕೋಣೆಯ ಉಷ್ಣತೆಯಲ್ಲೇ ತಾನಾಗಿ ಒಡೆಯುತ್ತೆ. ಸಿಲಿಂಡರ್‌ನಲ್ಲಿ ತುಂಬಿಡೋದು ಹೇಗೆ? ಇನ್ನೊಂದು, ಟ್ರೈಮೀಥೈಲ್ ಆಂಟಿಮನಿ. ಇದು ದ್ರವ, ಸೀಸೆಯಲ್ಲಿ ತೆಪ್ಪಗಿರುತ್ತೆ. ಆದರೆ ಚೆನ್ನಾಗಿ ಒಡೆಯಲು 450 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿ ಬೇಕು. ಇಂಡಿಯಂ ಆಂಟಿಮೊನೈಡೋ 527 ಡಿಗ್ರಿಗೆ ಕರಗಿಯೇ ಹೋಗುತ್ತೆ! ಬಿಸಿ ಕಮ್ಮಿ ಮಾಡಿದರೆ ಅಣು ಅರ್ಧಂಬರ್ಧ ಒಡೆಯುತ್ತೆ, ಮೀಥೈಲ್‌ನ ಇಂಗಾಲ ಪದರದೊಳಗೆ ಸೇರುವ ಭಯವೂ ಇದೆ. ಕಾಡಿಗೆಗೆ ಬೇಕಾದದ್ದೇ ಇಲ್ಲಿ ಕಲ್ಮಶ.

ಇವೆರಡರ ನಡುವಿನ ದಾರಿ ಆರ್ಗನೋಆಂಟಿಮನಿ ಹೈಡ್ರೈಡ್. ಆಂಟಿಮನಿಗೆ ಒಂದೆರಡು ಹೈಡ್ರೋಜನ್ ಉಳಿಸಿ, ಮಿಕ್ಕ ಜಾಗದಲ್ಲಿ ಟರ್ಷರಿ ಬ್ಯುಟೈಲ್‌ನಂಥ ದಪ್ಪ ಗುಂಪು ಕೂರಿಸುತ್ತಾರೆ. ಆಂಟಿಮನಿ-ಹೈಡ್ರೋಜನ್ ಬಂಧ ದುರ್ಬಲ, ಹಾಗಾಗಿ ಕಮ್ಮಿ ಬಿಸಿಗೇ ಒಡೆಯುತ್ತೆ. ದಪ್ಪ ಗುಂಪುಗಳ ಕೆಲಸ ಕಾವಲು. ಅವಿಲ್ಲದಿದ್ದರೆ ಎರಡು ಅಣುಗಳು ಹತ್ತಿರ ಬಂದು, ಹೈಡ್ರೋಜನ್ ಕಳಕೊಂಡು, ಆಂಟಿಮನಿಗೆ ಆಂಟಿಮನಿ ಅಂಟಿಕೊಂಡು ಸೀಸೆಯಲ್ಲೇ ಕೆಡುತ್ತವೆ. ಹೈಡ್ರೋಜನ್ ಬದಲು ಅದರ ಭಾರದ ಅಣ್ಣ ಡ್ಯೂಟೀರಿಯಂ ಹಾಕುವ ಉಪಾಯವೂ ಇದೆ. ಆ ಬಂಧ ಒಡೆಯೋದು ನಿಧಾನ.

ಹಾಗಂತ ಗುಂಪನ್ನು ಎಷ್ಟು ಬೇಕಾದರೂ ದಪ್ಪ ಮಾಡುವಂತಿಲ್ಲ. ಅಣು ಭಾರವಾದಷ್ಟೂ ಆವಿಯಾಗೋದು ಕಷ್ಟ, ರಿಯಾಕ್ಟರ್ ತನಕ ಬರೋದೇ ಇಲ್ಲ. ಲ್ಯಾಬಿನಲ್ಲಿ ಯಾವುದೇ ಪ್ರಿಕರ್ಸರ್ ಹೆಸರು ಕೇಳಿದರೂ ಮೂರು ಪ್ರಶ್ನೆ ಹಾಕಿ: ಎಷ್ಟು ಸುಲಭವಾಗಿ ಆವಿಯಾಗುತ್ತೆ, ಎಷ್ಟು ಡಿಗ್ರಿಗೆ ಒಡೆಯುತ್ತೆ, ಒಡೆದ ಮೇಲೆ ಹಿಂದೆ ಏನು ಬಿಟ್ಟುಹೋಗುತ್ತೆ?