ಪರದೇಶದಲ್ಲಿ ತಪ್ಪು ಮಾಡಲು ಅಪ್ಪ-ಅಮ್ಮನಿಗೂ ಬಿಡಿ

ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿರುವ ಮಗನ ಮನೆಗೆ ಹೋದ ಮೊದಲ ವಾರ ನಾನೊಂದು ಒಳ್ಳೆಯ ಕೆಲಸ ಮಾಡಿದೆ. ಮೂಲೆಯಲ್ಲಿ ಸಾಲಾಗಿ ಇಟ್ಟಿದ್ದ 14 ಖಾಲಿ ನೀರಿನ ಬಾಟಲಿಗಳನ್ನು ಒಂದೊಂದಾಗಿ ತಿರುಚಿ, ಜಜ್ಜಿ, ಚೀಲಕ್ಕೆ ತುಂಬಿದೆ. ನಮ್ಮಲ್ಲಿ ಬಾಟಲಿ ಮೇಲೇ ಬರೆದಿರುತ್ತದಲ್ಲ, ಬಳಸಿದ ಮೇಲೆ ಜಜ್ಜಿ ಅಂತ!

ಸಂಜೆ ಮಗನ ಜೊತೆ ಅಂಗಡಿಗೆ ಹೋದಾಗ ಗೊತ್ತಾಯಿತು. ಅಲ್ಲಿ ಬಾಟಲಿ ಕೊಳ್ಳುವಾಗಲೇ 25 ಸೆಂಟ್ ಹೆಚ್ಚಿಗೆ ಇಟ್ಟುಕೊಳ್ಳುತ್ತಾರೆ. ಖಾಲಿ ಬಾಟಲಿಯನ್ನು ಅಂಗಡಿಯ ಯಂತ್ರಕ್ಕೆ ಹಾಕಿದರೆ ಆ ದುಡ್ಡು ವಾಪಸ್. ಒಮ್ಮೆ ಬಳಸಿ ಎಸೆಯುವ ಬಾಟಲಿಗಳಿಗೆ ಈ ಠೇವಣಿ ಪದ್ಧತಿ 2003ರಿಂದ ಇದೆ. ಆದರೆ ಯಂತ್ರ ಬಾಟಲಿಯ ಮೈಮೇಲಿನ ಗುರುತು ಓದಬೇಕು. ಜಜ್ಜಿದ್ದನ್ನು ಓದಲಾರದು. ನಾನು ಹಾಕುತ್ತೇನೆ, ಅದು ಗರಗರ ತಿರುಗಿಸಿ ಹೊರಗೆ ನೂಕುತ್ತದೆ. ಹಿಂದೆ ಆರೇಳು ಜನರ ಪಾಳಿ.

“ಅಪ್ಪಾ, ಸಾಕ್ ಬಿಡ್ರಿ. ಮಂದಿ ನೋಡಾಕತ್ತಾರ,” ಅಂದ ಮಗ, ಎರಡು ಹೆಜ್ಜೆ ಆಚೆ ಸರಿದು ಮೊಬೈಲ್ ನೋಡತೊಡಗಿದ.

ಪಾಳಿಯಲ್ಲಿದ್ದ ಒಬ್ಬ ಅಜ್ಜಿ ಮುಂದೆ ಬಂದು, ಕೆನ್ನೆ ಉಬ್ಬಿಸಿ, ಊದುವಂತೆ ಸನ್ನೆ ಮಾಡಿದರು. ಊದಿದೆ. ಬಾಟಲಿ ಟಪ್ ಅಂತ ಉಬ್ಬಿತು, ಯಂತ್ರ ನುಂಗಿತು. 14ರಲ್ಲಿ 11 ಪಾಸಾದವು. 2 ಯೂರೊ 75 ಸೆಂಟ್ ಬಂತು. ಪಾಳಿಯಲ್ಲಿದ್ದವರು ನಕ್ಕರು, ನಾನೂ ನಕ್ಕೆ. ಮಗ ನಗಲಿಲ್ಲ.

ಗೊತ್ತಿದ್ದದ್ದೇ ತೊಡಕು

ಪರದೇಶದಲ್ಲಿ ತಪ್ಪಾಗುವುದು ನಮಗೆ ಏನೂ ಗೊತ್ತಿಲ್ಲದ್ದರಿಂದ ಅಂತ ತಿಳಿದಿರುತ್ತೇವೆ. ನನ್ನ ಅನುಭವ ಬೇರೆ. ನಮ್ಮೂರಲ್ಲಿ ಸರಿಯಾಗಿ ಕಲಿತದ್ದನ್ನೇ ಅಲ್ಲಿಯೂ ಸರಿಯಾಗಿ ಮಾಡಲು ಹೋಗಿ ಸಿಕ್ಕಿಬೀಳುತ್ತೇವೆ. ಬ್ರೆಡ್ ಅಂಗಡಿಯಾಕೆ ಹೋಳು ಮಾಡಿಕೊಡಲೇ ಅಂತ ಕೇಳಿದರೆ ನಾನು ನಮ್ಮ ರೂಢಿಯಂತೆ ಗೋಣು ಆಚೆ-ಈಚೆ ತೂಗಿದೆ. ನಮಗದು “ಹೂಂ, ಆಗಲಿ”. ಆಕೆಗೆ “ಬೇಡ”. ಇಡೀ ಬ್ರೆಡ್ಡೇ ಚೀಲಕ್ಕೆ ಬಂತು.

ನನ್ನ ಹೆಂಡತಿಯದು ಇನ್ನೊಂದು ಕಥೆ. ಮೆಟ್ಟಿಲಲ್ಲಿ ಸಿಕ್ಕ ನೆರೆಮನೆಯಾಕೆಗೆ ದಿನಾ “ಊಟ ಆತೇನ್ರಿ?” ಅನ್ನುವುದನ್ನೇ ತನಗೆ ಬಂದ ಇಂಗ್ಲಿಷಿನಲ್ಲಿ ಕೇಳುತ್ತಿದ್ದಳು. ನಮ್ಮ ಕಡೆ ಅದು ಪ್ರಶ್ನೆಯಲ್ಲ, ನಮಸ್ಕಾರ. ಉತ್ತರ ಯಾರಿಗೆ ಬೇಕು? ಆಕೆ ಮಾತ್ರ ದಿನಾ ಏನು ತಿಂದೆ ಅಂತ ಪ್ರಾಮಾಣಿಕವಾಗಿ ವರದಿ ಒಪ್ಪಿಸುತ್ತಿದ್ದರು. ನಾಲ್ಕನೆಯ ದಿನ ಮಗನನ್ನು ಕೇಳಿದರಂತೆ, ನಿಮ್ಮ ತಾಯಿಗೆ ನನ್ನ ಆರೋಗ್ಯದ ಚಿಂತೆಯೇ ಅಂತ. ಮಗ ವಿವರಿಸಿದಾಗ ಅವರೇ ಹೇಳಿದ್ದು: ಜರ್ಮನರೂ ಮಧ್ಯಾಹ್ನ ಎದುರಾದಾಗ “ಮಾಲ್‌ಟ್ಸೈಟ್” ಅನ್ನುತ್ತಾರೆ. ಅರ್ಥ, ಊಟದ ಹೊತ್ತು! ಈ ಸಂಗತಿ ಪ್ರವಾಸಿ ಪುಸ್ತಕ ಓದಿ ನಮಗೆ ಸಿಕ್ಕಿದ್ದಲ್ಲ, ತಪ್ಪು ಮಾಡಿದ್ದಕ್ಕೆ ಸಿಕ್ಕಿದ್ದು.

ನೋಡುವ ಮಂದಿ ಎಷ್ಟು?

“ಮಂದಿ ನೋಡಾಕತ್ತಾರ” ಅನ್ನುವ ಅಂಜಿಕೆಯನ್ನು ಮನಶ್ಶಾಸ್ತ್ರಜ್ಞರು ಅಳೆದಿದ್ದಾರೆ. ಅಮೆರಿಕದ ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗವಿದು. ಗಾಯಕನೊಬ್ಬನ ದೊಡ್ಡ ಚಿತ್ರವಿದ್ದ, ಹಾಕಿಕೊಳ್ಳಲು ಮುಜುಗರವಾಗುವಂಥ ಟೀ ಶರ್ಟ್ ತೊಡಿಸಿ ವಿದ್ಯಾರ್ಥಿಗಳನ್ನು ಜನರಿದ್ದ ಕೋಣೆಗೆ ಕಳಿಸಿದರು. ಅರ್ಧದಷ್ಟು ಜನ ಗಮನಿಸಿರಬೇಕು ಅಂತ ತೊಟ್ಟವರ ಅಂದಾಜು. ನಿಜವಾಗಿ ಗಮನಿಸಿದವರು ಹೆಚ್ಚುಕಡಿಮೆ ನಾಲ್ಕರಲ್ಲಿ ಒಬ್ಬರು. ಇದಕ್ಕೆ ಅವರು ‘ಸ್ಪಾಟ್‌ಲೈಟ್ ಎಫೆಕ್ಟ್’ ಅಂತ ಹೆಸರಿಟ್ಟರು. ಕಂಪನಿ ನಾಟಕದ ಲೈಟು ನಮ್ಮ ಮೇಲೇ ಬಿದ್ದಿದೆ ಅಂತ ನಾವು ಅಂದುಕೊಂಡಿರುತ್ತೇವೆ. ಆದರೆ ಎದುರಿಗೆ ಕೂತವರಿಗೆ ತಮ್ಮ ತಮ್ಮ ಚಿಂತೆ.

ಎಲ್ಲ ತಪ್ಪೂ ಒಂದೇ ಅಲ್ಲ

ಹಾಗಂತ ಎಲ್ಲವನ್ನೂ ನಕ್ಕು ಬಿಡಲಾಗದು. ಟಿಕೆಟ್ ಇಲ್ಲದೆ ರೈಲು ಹತ್ತಿ ಸಿಕ್ಕಿಬಿದ್ದರೆ ಅಲ್ಲಿ 60 ಯೂರೊ ದಂಡ. “ಗೊತ್ತಿರಲಿಲ್ರಿ” ಅಂದರೆ ನಡೆಯದು. ಇಂಥದ್ದನ್ನು ಮೊದಲೇ ಕೇಳಿ ತಿಳಿದುಕೊಳ್ಳಬೇಕು.

ಇನ್ನೊಬ್ಬರಿಗೆ ತೊಂದರೆ ಕೊಡುವ ತಪ್ಪು ಬೇರೆ. ಒಂದು ರವಿವಾರ ಮಧ್ಯಾಹ್ನ ನನ್ನ ಹೆಂಡತಿ ಶೇಂಗಾ ಚಟ್ನಿ ಕುಟ್ಟತೊಡಗಿದಳು. ಕಟ್ಟಿಗೆಯ ನೆಲ, ಸದ್ದು ಕೆಳಗಿನ ಮನೆಗೆ ಇಳಿಯಿತು. ಜರ್ಮನಿಯಲ್ಲಿ ರವಿವಾರದ ವಿಶ್ರಾಂತಿಗೆ ಸಂವಿಧಾನದ ರಕ್ಷಣೆಯೇ ಇದೆ. ಅಂಗಡಿಗಳೂ ಬಹುತೇಕ ಮುಚ್ಚಿರುತ್ತವೆ. ಕೆಳಗಿನವರು ಬಂದು ಬಾಗಿಲು ಬಡಿದರು. ರಾತ್ರಿ ಪಾಳಿ ಮುಗಿಸಿ ಮಲಗಿದ್ದರಂತೆ. ಕ್ಷಮೆ ಕೇಳಿದೆವು, ಮತ್ತೆ ರವಿವಾರ ಕುಟ್ಟಲಿಲ್ಲ. ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಆಕೆ ಹತ್ತು ದಿನ ಮನೆಯಿಂದ ಹೊರಬೀಳಲಿಲ್ಲ. ನಮ್ಮ ವೀಸಾ ಇದ್ದದ್ದೇ 90 ದಿನಕ್ಕೆ. “ನಂದೇನ್ ಹೋಗೂದೈತಿ? ನಾ ಏನರ ತಪ್ಪು ಮಾಡಿದ್ರ ಅವನ ಮರ್ಯಾದಿ ಹೋಗ್ತೈತಿ,” ಅಂದಳು.

ಎರಡು ಹೆಜ್ಜೆ ದೂರ

ಆ ಮಾತು ನನ್ನನ್ನು ಹಿಂದಕ್ಕೆ ಎಳೆಯಿತು. ನಾನು ಹೆಬ್ಬಳ್ಳಿಯವನು. ನಮ್ಮೂರ ದಿಕ್ಕಿಗೆ ಧಾರವಾಡದಲ್ಲಿ ಹೆಬ್ಬಳ್ಳಿ ಅಗಸಿ ಅಂತಲೇ ಇದೆ. ನನ್ನ ಪಾಲಿಗೆ ಮೊದಲ ಪರದೇಶ ಆ ಅಗಸಿಯ ಒಳಗಿನ ಪೇಟೆ. ಹೈಸ್ಕೂಲಿಗೆ ಹೆಸರು ಹಚ್ಚಲು ಕರೆತಂದ ಅಪ್ಪ ನನ್ನನ್ನು ಹೋಟೆಲಿಗೆ ಕರೆದೊಯ್ದ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒಳಗೆ ಹೋದ. ಅನ್ನ ಹಾಕುವ ಮನೆ, ಚಪ್ಪಲಿ ಹಾಕಿಕೊಂಡು ಹೋಗುವುದು ಹೇಗೆ? ಗಲ್ಲಾದ ಮೇಲೆ ಕೂತವರು ನಕ್ಕರು. ನಾನು ಅಪ್ಪನಿಂದ ಎರಡು ಹೆಜ್ಜೆ ದೂರ ನಿಂತೆ. ಅಪ್ಪ ನೋಡಿದ, ಏನೂ ಅನ್ನಲಿಲ್ಲ. ಆಮೇಲೆ ನನ್ನ ಜೊತೆ ಯಾವ ಹೋಟೆಲಿಗೂ ಬರಲಿಲ್ಲ.

ಅದಕ್ಕೇ ಮಗನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಹೊರಗಿನವರ ನಗು ಒಂದು ಗಳಿಗೆಯದು. ಜೊತೆಗಿರುವವರು ದೂರ ಸರಿಯುವುದು ಮಾತ್ರ ಒಳಗೆ ಇಳಿಯುತ್ತದೆ. “ತಪ್ಪಾದರೆ ಆಗಲಿ, ಧೈರ್ಯವಾಗಿರಿ” ಅಂತ ಪ್ರವಾಸಿಗೆ ಬುದ್ಧಿ ಹೇಳುವುದು ಸುಲಭ. ಆ ಧೈರ್ಯ ಅರ್ಧದಷ್ಟು ಪಕ್ಕದಲ್ಲಿ ನಿಂತವರ ಕೈಯಲ್ಲಿರುತ್ತದೆ.

ಆ ರಾತ್ರಿ ಮಗನಿಗೆ ಹೋಟೆಲಿನ ಕಥೆ ಹೇಳಿದೆ. ಮರುದಿನ ಅವನು ಅವ್ವನ ಕೈಗೆ ಚೀಲ, ದುಡ್ಡು ಕೊಟ್ಟು “ಹಾಲು ತಗೊಂಡ್ ಬಾ, ಒಬ್ಬಾಕಿನ ಹೋಗು” ಅಂದ. ಆಕೆ ಹಾಲು ಅಂತ ಮಜ್ಜಿಗೆ ತಂದಳು. ಸಂಜೆಗೆ ಅದರಲ್ಲೇ ಸಾರು ಆಯಿತು.

ನಮ್ಮೂರಿಗೆ ಬಂದವರು

ವಾಪಸಾಗುವ ಮುಂಚೆ ಹತ್ತಿರದ ಟ್ಯೂಬಿಂಗೆನ್‌ಗೆ ಹೋಗಿದ್ದೆವು. ಫರ್ಡಿನಾಂಡ್ ಕಿಟೆಲ್ 1903ರಲ್ಲಿ ತೀರಿಕೊಂಡ ಊರು. 1853ರಲ್ಲಿ ಬಾಸೆಲ್ ಮಿಶನ್ನಿನಿಂದ ಭಾರತಕ್ಕೆ ಬಂದ ಅವರು ಮೊದಲ ವರ್ಷಗಳನ್ನು ಕಳೆದದ್ದು ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ. 1894ರಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟು ಬಂತು, ಸುಮಾರು 70 ಸಾವಿರ ಪದಗಳದ್ದು. ಅಷ್ಟು ಪದ ಕಲಿಯುವಾಗ ಎಷ್ಟು ಸಲ ತಪ್ಪಿರಬೇಕು, ನಮ್ಮ ಹಿರಿಯರು ಎಷ್ಟು ಸಲ ತಿದ್ದಿರಬೇಕು!

ಇವತ್ತು ನಾವು ಹೇಗಿದ್ದೇವೆ? ಬಿಳಿ ಮೈಯವನೊಬ್ಬ “ನಮಸ್ಕಾರಾ” ಅಂದರೆ ವಿಡಿಯೊ ಮಾಡುತ್ತೇವೆ. ಬಿಹಾರದಿಂದ ಬಂದ ಗಾರೆ ಕೆಲಸದ ಹುಡುಗ ಹಿರಿಯರಿಗೆ “ನೀನು” ಅಂದರೆ ಗದರುತ್ತೇವೆ. ತಪ್ಪು ಒಂದೇ, ಸಿಗುವ ಮಾಫಿ ಬೇರೆ ಬೇರೆ. ಜರ್ಮನಿಯಲ್ಲಿ ಆ ಅಜ್ಜಿ ನನಗೆ ತೋರಿದ ಸೈರಣೆ ಇಲ್ಲಿ ಆ ಹುಡುಗನಿಗೂ ಸಲ್ಲಬೇಕು.

ಕೆಲಗೇರಿ ಕೆರೆಯ ದಂಡೆಯಲ್ಲಿ ವಾಕಿಂಗ್ ಬರುವ ಗೆಳೆಯರೊಬ್ಬರು ಮುಂದಿನ ತಿಂಗಳು ಅಮೆರಿಕಕ್ಕೆ, ಮಗಳ ಮನೆಗೆ ಹೊರಟಿದ್ದಾರೆ. ಹಿಂದಿನ ಸಲ ಆರು ತಿಂಗಳಿದ್ದು ಬಾಲ್ಕನಿ ಮಾತ್ರ ನೋಡಿ ಬಂದವರು. ಏನೇನು ಒಯ್ಯಬೇಕು ಅಂತ ಕೇಳಿದರು. ಹೇಳಿದೆ: “ಚಟ್ನಿಪುಡಿ ಒಯ್ಯೂದು ಇದ್ದದ್ದ ಐತ್ರಿ. ಮೊದಲನೇ ವಾರದಾಗ ಒಬ್ರ ಅಂಗಡಿಗೆ ಹೋಗ್ರಿ. ಮಗಳಿಗೆ ಇವತ್ತ ಫೋನ್ ಮಾಡಿ ಹೇಳಿಬಿಡ್ರಿ, ನಾ ಅಲ್ಲಿ ತಪ್ಪು ಮಾಡಾಂವ ಇದ್ದೀನಿ, ನೀ ಬಾಜೂಕ ನಿಂದರಬೇಕು ಅಂತ.”