ಗಾಡಿ ವಾಡಿಗೇ ನಿಂತರೆ ಊರಿಗೆ ಹೋಗೋದು ಹೆಂಗ?

ಆಳಂದ, ಅಫಜಲಪುರ, ಜೇವರ್ಗಿ. ಕಲಬುರಗಿ ಜಿಲ್ಲೆಯ ಈ ಮೂರೂ ಪಟ್ಟಣಗಳಲ್ಲಿ ರೈಲ್ವೆ ಸ್ಟೇಷನ್ ಇಲ್ಲ. ನಮ್ಮ ಕನ್ನಡ ಸಂಘದಲ್ಲಿ ಈ ಮೂರೂ ಕಡೆಯವರಿದ್ದೇವೆ. ಬೆಂಗಳೂರಿನಿಂದ ಊರಿಗೆ ಹೋಗಬೇಕಂದ್ರೆ ಮೊದಲು ರೈಲಿನಲ್ಲಿ ಕಲಬುರಗಿ, ಅಲ್ಲಿಂದ ಬಸ್ಸು. ಆಳಂದಕ್ಕೂ ಜೇವರ್ಗಿಗೂ ಕಲಬುರಗಿಯಿಂದ ಸುಮಾರು 40 ಕಿ.ಮೀ. ಅಫಜಲಪುರ ಇನ್ನೂ ದೂರ. ಹಿಂಗಾಗಿ ರೈಲು ಮೂರು ತಾಸು ತಡವಾದರೆ ಕಲಬುರಗಿ ನಗರದವರಿಗೆ ಮೂರು ತಾಸಷ್ಟೇ ಹೋಗ್ತದೆ. ನಮಗೆ ಕೊನೆಯ ಬಸ್ಸೂ ಹೋಗಿ, ರಾತ್ರಿ ಬಸ್‌ಸ್ಟ್ಯಾಂಡಿನಲ್ಲೇ ಕಳೆಯಬೇಕಾಗ್ತದೆ.

‘ಕಾಮಗಾರಿ ನಿಮಿತ್ತ ರೈಲು ಸಂಚಾರದಲ್ಲಿ ವ್ಯತ್ಯಯ’ ಅನ್ನೋ ಸಣ್ಣ ಸುದ್ದಿ ಪೇಪರಿನಲ್ಲಿ ಆಗಾಗ ಬರ್ತದೆ. ಅದನ್ನು ಓದೋದು ಹೇಗೆ, ಓದಿದ ಮೇಲೆ ಪ್ರಯಾಣ ಹೇಗೆ ಹೊಂದಿಸಿಕೊಳ್ಳೋದು ಅಂತ ಹೇಳೋದಕ್ಕೆ ಈ ಲೇಖನ.

ಸ್ಟೇಷನ್ ಯಾಕೆ ಬಂದ್ ಮಾಡ್ತಾರೆ?

ಹಳಿ, ವಿದ್ಯುತ್ ತಂತಿ ಅಥವಾ ಪ್ಲಾಟ್‌ಫಾರ್ಮಿನ ಕೆಲಸಕ್ಕಾಗಿ ಇಂತಿಷ್ಟು ಹೊತ್ತು ಗಾಡಿ ಬಿಡದೆ ಇರೋದಕ್ಕೆ ‘ಬ್ಲಾಕ್’ ಅಂತಾರೆ. ತಂತಿಯಲ್ಲಿ 25,000 ವೋಲ್ಟ್ ಹರಿಯುತ್ತಿರುತ್ತದೆ. ಅದರ ಹತ್ತಿರ ಕೆಲಸ ಮಾಡಬೇಕಂದ್ರೆ ಮೊದಲು ಕರೆಂಟ್ ತೆಗೆದು ಅರ್ತಿಂಗ್ ಮಾಡಲೇಬೇಕು. ಪ್ಲಾಟ್‌ಫಾರ್ಮುಗಳ ಮೇಲೆ ದೊಡ್ಡ ಗರ್ಡರ್ ಎತ್ತಿ ಕೂಡಿಸುವಾಗ ಕೆಳಗೆ ಗಾಡಿ ನಿಲ್ಲಿಸಲು ಆಗಲ್ಲ.

ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡೋದು ‘ನಾನ್ ಇಂಟರ್‌ಲಾಕಿಂಗ್’ ಕೆಲಸ. ಸುದ್ದಿಯಲ್ಲಿ ಇದನ್ನು ಎನ್‌ಐ ಅಂತ ಬರೀತಾರೆ. ಹಳಿಯಿಂದ ಹಳಿಗೆ ಗಾಡಿ ತಿರುಗಿಸುವ ಪಾಯಿಂಟ್ ಸರಿಯಾಗಿ ಕೂತು ಲಾಕ್ ಆಗದೆ ಹಸಿರು ಸಿಗ್ನಲ್ ಬರಬಾರದು, ಎದುರುಬದುರು ಎರಡು ದಾರಿ ಒಟ್ಟಿಗೆ ತೆರೆಯಬಾರದು. ಈ ಕಟ್ಟುನಿಟ್ಟನ್ನು ಯಂತ್ರವೇ ನೋಡಿಕೊಳ್ಳೋದು ಇಂಟರ್‌ಲಾಕಿಂಗ್. ಸ್ಟೇಷನ್ನಿಗೆ ಹೊಸ ಹಳಿ ಸೇರಿಸಿದಾಗ ಈ ತರ್ಕವನ್ನೂ ಹೊಸದಾಗಿ ಅಳವಡಿಸಬೇಕು. ಹಳೆಯದು ತೆಗೆದು ಹೊಸದು ಚಾಲೂ ಆಗೋವರೆಗೆ ಪಾಯಿಂಟುಗಳನ್ನು ಸಿಬ್ಬಂದಿ ಕೈಯಿಂದಲೇ ಕೂಡಿಸಿ, ಕ್ಲ್ಯಾಂಪ್ ಹಾಕಿ, ಬೀಗ ಜಡಿದು, ಗಾಡಿಯನ್ನು ನಿಧಾನಕ್ಕೆ ದಾಟಿಸ್ತಾರೆ. ಹಿಂಗೆ ದಿನಕ್ಕೆ ದಾಟಿಸಬಹುದಾದ ಗಾಡಿಗಳು ಕಡಿಮೆ. ಆದ್ದರಿಂದಲೇ ಕೆಲವು ರದ್ದು, ಕೆಲವು ಅರ್ಧಕ್ಕೆ ನಿಲುಗಡೆ.

ಈ ಕೆಲಸದಲ್ಲಿ ಅವಸರ ಮಾಡಿದರೆ ಏನಾಗಬಹುದು ಅನ್ನೋದಕ್ಕೆ ಒಡಿಶಾದ ಬಾಲೇಶ್ವರ ಜಿಲ್ಲೆಯ ಬಹನಾಗಾ ಬಜಾರ್ ಸ್ಟೇಷನ್ ನೆನಪಿರಲಿ. 2023ರ ಜೂನ್ 2ರಂದು ಅಲ್ಲಿ ನಡೆದ ಅಪಘಾತದಲ್ಲಿ 290ಕ್ಕೂ ಹೆಚ್ಚು ಜನ ತೀರಿಕೊಂಡರು. ಸಿಗ್ನಲ್ ಸರ್ಕ್ಯೂಟ್ ಬದಲಿಸಿದಾಗ ಆದ ಲೋಪವೇ ಕಾರಣ ಅಂತ ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆಯಲ್ಲಿ ಕಂಡುಬಂತು. ಬ್ಲಾಕ್ ಅಂದ್ರೆ ಕಿರಿಕಿರಿ ಹೌದು, ಆದರೆ ಬ್ಲಾಕ್ ತಗೊಳ್ಳದೆ ಮಾಡೋ ಕೆಲಸ ಅದಕ್ಕಿಂತ ಕೆಟ್ಟದ್ದು.

ನಮ್ಮ ದಾರಿಯಲ್ಲಿ ಆಗಿದ್ದು

ದೂರದ ಸ್ಟೇಷನ್ನಿನ ಕೆಲಸವೂ ನಮ್ಮ ಗಾಡಿಗೆ ತಾಗ್ತದೆ. 2024ರ ಮೇ 31ರಿಂದ ಜೂನ್ 2ರವರೆಗೆ ಮುಂಬೈಯ ಠಾಣೆಯಲ್ಲಿ ಪ್ಲಾಟ್‌ಫಾರ್ಮ್ ಅಗಲ ಮಾಡಲು 63 ತಾಸು, ಸಿಎಸ್‌ಎಂಟಿಯಲ್ಲಿ ಪ್ಲಾಟ್‌ಫಾರ್ಮ್ ಉದ್ದ ಮಾಡಲು 36 ತಾಸು ಬ್ಲಾಕ್ ತಗೊಂಡರು. 900ಕ್ಕೂ ಹೆಚ್ಚು ಲೋಕಲ್ ಗಾಡಿ ರದ್ದಾದವು. ದೂರದೂರಿನ ಹಲವು ಗಾಡಿಗಳು ದಾದರ್, ಪನ್ವೇಲ್, ಪುಣೆಯಲ್ಲೇ ನಿಂತವು.

ಅದೇ ವರ್ಷ ಸೆಪ್ಟೆಂಬರ್ 20ರಿಂದ 92 ದಿನ ಬೆಂಗಳೂರು ದಂಡು ಸ್ಟೇಷನ್ನಿನಲ್ಲಿ 40ಕ್ಕೂ ಹೆಚ್ಚು ಗಾಡಿಗಳ ನಿಲುಗಡೆಯನ್ನೇ ತಾತ್ಕಾಲಿಕವಾಗಿ ತೆಗೆದರು. ಹೈದರಾಬಾದ್ ಕಡೆ ಹೋಗುವವರಿಗೆ ಸಿಕಂದರಾಬಾದ್ ಸ್ಟೇಷನ್ನಿನ ಪುನರಭಿವೃದ್ಧಿಯ ಬಿಸಿ ತಟ್ಟಿತು. 2025ರ ಜನವರಿಯಲ್ಲಿ ಉದ್ಘಾಟನೆಯಾದ ಚರ್ಲಪಲ್ಲಿ ಟರ್ಮಿನಲ್ಲಿಗೆ ಹಲವು ಗಾಡಿಗಳು ಹೋದವು. ಕಲಬುರಗಿ, ಶಹಾಬಾದ್, ವಾಡಿ, ಗಾಣಗಾಪುರ ರೋಡ್ ನಾಲ್ಕೂ ಅಮೃತ ಭಾರತ ಸ್ಟೇಷನ್ ಯೋಜನೆಯ ಪಟ್ಟಿಯಲ್ಲಿವೆ. ಅಂದಮೇಲೆ ಬ್ಲಾಕಿನ ಸುದ್ದಿ ನಮಗೆ ಹೊಸದಾಗಿ ಉಳಿಯೋದಿಲ್ಲ.

ಸುದ್ದಿ ಎಲ್ಲಿ ನೋಡೋದು?

ಇಲ್ಲೊಂದು ತೊಡಕದೆ. ಕಲಬುರಗಿ ಇರೋದು ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗದಲ್ಲಿ. ವಾಡಿ ದಾಟಿ ಯಾದಗಿರಿ, ರಾಯಚೂರು ಕಡೆ ಹೋದರೆ ದಕ್ಷಿಣ ಮಧ್ಯ ರೈಲ್ವೆ. ಬೆಂಗಳೂರು ನೈಋತ್ಯ ರೈಲ್ವೆ. ಒಂದೇ ರಾತ್ರಿಯ ಪ್ರಯಾಣಕ್ಕೆ ಹಲವು ವಲಯ. ಬೆಂಗಳೂರಿನ ಪೇಪರಿನಲ್ಲಿ ನೈಋತ್ಯ ರೈಲ್ವೆಯ ಪ್ರಕಟಣೆ ಮಾತ್ರ ನೋಡಿ ಸುಮ್ಮನಾದರೆ, ವಾಡಿ ಯಾರ್ಡಿನ ಕೆಲಸ ಗೊತ್ತೇ ಆಗಲ್ಲ.

ಸುಲಭದ ದಾರಿ ಅಂದ್ರೆ ಎನ್‌ಟಿಇಎಸ್ ಆ್ಯಪ್. ರದ್ದಾದ, ದಾರಿ ಬದಲಿಸಿದ, ಸಮಯ ಬದಲಿಸಿದ ಗಾಡಿಗಳ ಪಟ್ಟಿ ವಲಯದ ಭೇದವಿಲ್ಲದೆ ಒಂದೇ ಕಡೆ ಸಿಗ್ತದೆ. 139ಕ್ಕೆ ಫೋನ್ ಮಾಡಿಯೂ ಕೇಳಬಹುದು. ಟಿಕೆಟ್ ಬುಕ್ ಮಾಡುವಾಗ ಕೊಟ್ಟ ಮೊಬೈಲ್ ನಂಬರಿಗೇ ರೈಲ್ವೆಯ ಮೆಸೇಜ್ ಬರೋದು. ಊರಲ್ಲಿ ಅಪ್ಪ ಅವ್ವ ಏಜೆಂಟರ ಅಂಗಡಿಯಲ್ಲಿ ಟಿಕೆಟ್ ಮಾಡಿಸಿದರೆ, ಹಾಕಿದ್ದು ಯಾರ ನಂಬರ್ ಅಂತ ಕೇಳಿಕೊಳ್ಳಿ. ಅಂಗಡಿಯವರ ನಂಬರ್ ಇದ್ದರೆ ಮೆಸೇಜ್ ಅವರ ಫೋನಿನಲ್ಲೇ ಉಳೀತದೆ.

ಈಗ ಟಿಕೆಟ್ 60 ದಿನ ಮುಂಚೆ ತೆರೀತದೆ. ಬ್ಲಾಕಿನ ಪ್ರಕಟಣೆ ಬರೋದು ಅದೆಷ್ಟೋ ದಿನಗಳ ನಂತರ. ಆದ್ದರಿಂದ ಬುಕ್ ಮಾಡಿದ ದಿನ ಒಮ್ಮೆ, ಹೊರಡೋ ವಾರ ಒಮ್ಮೆ, ಹಿಂದಿನ ದಿನ ಒಮ್ಮೆ, ಹೀಗೆ ಮೂರು ಸಲ ನೋಡೋದು ಒಳ್ಳೇದು.

ನಾಲ್ಕು ಶಬ್ದ, ನಾಲ್ಕು ಅರ್ಥ

- ರದ್ದು: ಆ ದಿನ ಗಾಡಿಯೇ ಇಲ್ಲ.
- ಶಾರ್ಟ್ ಟರ್ಮಿನೇಟ್: ಕೊನೆ ಸ್ಟೇಷನ್ ಮುಟ್ಟೋ ಮುಂಚೆಯೇ ನಿಲ್ತದೆ. ಅಲ್ಲಿಂದಲೇ ವಾಪಸ್ ಹೊರಟರೆ ಅದು ಶಾರ್ಟ್ ಒರಿಜಿನೇಟ್.
- ಡೈವರ್ಟ್: ಬೇರೆ ದಾರಿಯಿಂದ ಹೋಗ್ತದೆ. ಕೊನೆ ಸ್ಟೇಷನ್ ಅದೇ ಇದ್ದರೂ ನಡುವಿನ ನಿಮ್ಮ ಸ್ಟೇಷನ್ ತಪ್ಪಬಹುದು.
- ರೆಗ್ಯುಲೇಟ್: ದಾರಿಯಲ್ಲಿ ಎಲ್ಲೋ ಒಂದಿಷ್ಟು ಹೊತ್ತು ನಿಲ್ಲಿಸ್ತಾರೆ. ಕೊನೆಯ ಬಸ್ ತಪ್ಪಿಸೋದು ಹೆಚ್ಚಾಗಿ ಇದೇ.

ಒಂದು ಬ್ಲಾಕ್, ಮೂರು ಉತ್ತರ

ಮೂರೂ ಊರಿನವರು ಕಲಬುರಗಿಗೇ ಬಂದು ಗಾಡಿ ಹತ್ತೋದು ರೂಢಿ. ಆದರೆ ಈ ಊರುಗಳು ಕಲಬುರಗಿಯ ಬೇರೆ ಬೇರೆ ದಿಕ್ಕಿನಲ್ಲಿವೆ. ಬ್ಲಾಕ್ ಬಂದಾಗ ಕಲಬುರಗಿಗೇ ಜೋತು ಬೀಳದೆ, ಬ್ಲಾಕಿನ ಯಾವ ಬದಿಗೆ ನಮ್ಮ ಊರಿದೆ ಅಂತ ನೋಡಬೇಕು.

ಜೇವರ್ಗಿ ದಕ್ಷಿಣಕ್ಕಿದೆ. ಕಲಬುರಗಿ–ವಾಡಿ ನಡುವೆ ಕೆಲಸ ಇದ್ದು, ಬೆಂಗಳೂರು ಕಡೆಯ ಗಾಡಿ ವಾಡಿಯಲ್ಲೋ ಯಾದಗಿರಿಯಲ್ಲೋ ನಿಂತರೆ ಜೇವರ್ಗಿಯವರು ಯಾದಗಿರಿಯಲ್ಲೇ ಇಳಿದು ಶಹಾಪುರದ ಮೇಲಿಂದ ಬಸ್ಸಿನಲ್ಲಿ ಹೋಗಬಹುದು. ದೂರ ಜಾಸ್ತಿ. ಆದರೆ ವಾಡಿಯಲ್ಲಿ ಮುಂದಿನ ಗಾಡಿ ಯಾವಾಗ ಅಂತ ಕಾಯೋದಕ್ಕಿಂತ ಖಾತ್ರಿಯ ದಾರಿ.

ಅಫಜಲಪುರ ಪಶ್ಚಿಮಕ್ಕಿದೆ. ಕಲಬುರಗಿಯಿಂದ ಸೊಲ್ಲಾಪುರಕ್ಕೆ ಹೋಗುವಾಗ ಗಾಣಗಾಪುರ ರೋಡ್, ದುಧನಿ, ಅಕ್ಕಲಕೋಟೆ ರೋಡ್ ಸ್ಟೇಷನ್‌ಗಳು ಸಿಗ್ತವೆ. ಮುಂಬೈ, ಪುಣೆಗೆ ಹೋಗುವ ಅಫಜಲಪುರದವರಿಗೆ ದುಧನಿ ಅಥವಾ ಸೊಲ್ಲಾಪುರ ಪರ್ಯಾಯ. ಎಲ್ಲ ಗಾಡಿಗೂ ದುಧನಿಯಲ್ಲಿ ನಿಲುಗಡೆ ಇಲ್ಲ, ಮೊದಲೇ ನೋಡಿಕೊಳ್ಳಿ. ದೇವಲ ಗಾಣಗಾಪುರಕ್ಕೆ ದತ್ತನ ದರ್ಶನಕ್ಕೆ ಬರುವ ಬಂಧುಗಳಿಗೂ ಒಂದು ಮಾತು ಹೇಳಿಡಿ: ಗಾಣಗಾಪುರ ರೋಡ್ ಸ್ಟೇಷನ್ನಿನಿಂದ ದೇವಸ್ಥಾನಕ್ಕೆ ಸುಮಾರು 20 ಕಿ.ಮೀ. ಅದೆ. ಅಪರಾತ್ರಿ ಇಳಿದರೆ ವಾಹನ ಸಿಗೋದು ಕಷ್ಟ.

ಆಳಂದದವರಿಗೆ ಹತ್ತಿರದ ದೊಡ್ಡ ಸ್ಟೇಷನ್ ಕಲಬುರಗಿಯೇ. ಕಲಬುರಗಿ ಯಾರ್ಡಿನಲ್ಲೇ ಕೆಲಸ ಇದ್ದರೆ ಮುಂಬೈ ಕಡೆಗೆ ಸೊಲ್ಲಾಪುರವೇ ಗತಿ. ಸಿದ್ಧೇಶ್ವರ ಎಕ್ಸ್‌ಪ್ರೆಸ್, 2023ರ ಫೆಬ್ರವರಿಯಲ್ಲಿ ಶುರುವಾದ ಮುಂಬೈ–ಸೊಲ್ಲಾಪುರ ವಂದೇ ಭಾರತ್ ಸೊಲ್ಲಾಪುರದಿಂದಲೇ ಹೊರಡ್ತವೆ. ಹಿಂಗಾಗಿ ಕಲಬುರಗಿಯ ಬ್ಲಾಕ್ ಅವಕ್ಕೆ ಅಷ್ಟಾಗಿ ತಾಗೋದಿಲ್ಲ. ಬ್ಲಾಕ್ ದಾಟಬೇಕಾಗಿಲ್ಲದ ಗಾಡಿ ಹುಡುಕೋದು, ಇದೇ ಇಡೀ ಲೆಕ್ಕದ ತಿರುಳು.

ಬೆಂಗಳೂರಿನ ತುದಿಯಲ್ಲೂ ಇದೇ ನಿಯಮ. ಧರ್ಮಾವರಂ ದಾರಿಯ ಗಾಡಿಗಳು ಯಲಹಂಕ ದಾಟಿ ಹೋಗ್ತವೆ, ಕೆಲವು ಅಲ್ಲಿ ನಿಲ್ಲುತ್ತವೆ. 2024ರ ಮಾರ್ಚಿನಲ್ಲಿ ಶುರುವಾದ ಕಲಬುರಗಿ ವಂದೇ ಭಾರತ್ ಹೊರಡೋದು ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ಲಿನಿಂದ, ಮೆಜೆಸ್ಟಿಕ್ಕಿನಿಂದ ಅಲ್ಲ.

ಟಿಕೆಟ್ಟಿನ ದುಡ್ಡು

ರೈಲ್ವೆಯೇ ಗಾಡಿ ಪೂರ್ತಿ ರದ್ದು ಮಾಡಿದರೆ ಇ-ಟಿಕೆಟ್ ದುಡ್ಡು ತಾನಾಗೇ ಖಾತೆಗೆ ಬರ್ತದೆ. ಕೌಂಟರ್ ಟಿಕೆಟ್ ಆದರೆ ಕೌಂಟರಿಗೇ ಹೋಗಬೇಕು. ಗಾಡಿ ಡೈವರ್ಟ್ ಆಗಿ ನಿಮ್ಮ ಸ್ಟೇಷನ್ ತಪ್ಪಿ ನೀವು ಪ್ರಯಾಣ ಮಾಡದಿದ್ದರೆ, ಅಥವಾ ಗಾಡಿ ನಡುವೆಯೇ ನಿಂತರೆ, ಟಿಡಿಆರ್ ಅರ್ಜಿಯನ್ನು ನಾವೇ ಹಾಕಬೇಕು. ತಾನಾಗಿ ಏನೂ ಆಗಲ್ಲ. ಗಾಡಿ 3 ತಾಸಿಗಿಂತ ಹೆಚ್ಚು ತಡವಾಗಿ, ಪ್ರಯಾಣ ಬೇಡ ಅನ್ನಿಸಿದರೆ ಪೂರ್ತಿ ದುಡ್ಡು ಸಿಗ್ತದೆ. ಆದರೆ ಗಾಡಿ ನಿಮ್ಮ ಸ್ಟೇಷನ್ ಬಿಡೋ ಮೊದಲೇ ಟಿಡಿಆರ್ ಹಾಕಿರಬೇಕು.

ಎರಡು ಗಾಡಿ ಬದಲಿಸಿ ಹೋಗುವಾಗ ಎರಡೂ ಪಿಎನ್‌ಆರ್ ಲಿಂಕ್ ಮಾಡಿಸಿ. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಅದರ ದುಡ್ಡು ಕೇಳಬಹುದು, ಮೊದಲ ಗಾಡಿ ಮುಟ್ಟಿದ 3 ತಾಸಿನೊಳಗೆ. ಹತ್ತುವ ಸ್ಟೇಷನ್ ಬದಲಿಸಬೇಕಿದ್ದರೆ ಚಾರ್ಟ್ ಆಗೋ ಮೊದಲೇ ಮಾಡಿ. ಬದಲಿಸಿದ ಮೇಲೆ ಹಳೆಯ ಸ್ಟೇಷನ್ನಿನಲ್ಲಿ ಹತ್ತುವ ಹಕ್ಕು ಇರಲ್ಲ.

ಕಡೆಗೆ ಒಂದು ಮಾತು

ಬಸ್ಸಿನಿಂದ ರೈಲಿಗೆ, ರೈಲಿನಿಂದ ಬಸ್ಸಿಗೆ ಬದಲಾಗುವ ಜಾಗವೇ ನಮ್ಮ ಪ್ರಯಾಣದ ಬಲಹೀನ ಕೊಂಡಿ. ಪರೀಕ್ಷೆ, ಇಂಟರ್‌ವ್ಯೂ, ಆಸ್ಪತ್ರೆಯ ತಾರೀಖು ಇದ್ದಾಗ ಆ ಕೊಂಡಿಗೆ ಒಂದಿಷ್ಟು ಸಡಿಲ ಬಿಡಿ. ಬ್ಲಾಕ್ ಇರುವ ವಾರದಲ್ಲಿ ಒಂದು ದಿನ ಮುಂಚೆ ಹೊರಡಿ, ರಾತ್ರಿ ಮುಟ್ಟುವ ಗಾಡಿ ಬಿಟ್ಟು ಬೆಳಗ್ಗೆ ಮುಟ್ಟುವ ಗಾಡಿ ಹಿಡಿಯಿರಿ. ಬೆಳಗ್ಗೆ ಮುಟ್ಟುವ ಗಾಡಿ ನಾಲ್ಕು ತಾಸು ತಡವಾದರೂ ಆಳಂದಕ್ಕೆ, ಅಫಜಲಪುರಕ್ಕೆ, ಜೇವರ್ಗಿಗೆ ಬಸ್ ಇದ್ದೇ ಇರ್ತದೆ.