ಕಾಂಟೆಸ್ಸಾಗೆ ಬೇರೆ ಎಂಜಿನ್: ಮೊದಲು ಹೊಗೆಗೆ ದಾರಿ ನೋಡಿ

ಅಮೆರಿಕದವರು 1964ರ ಪಾಂಟಿಯಾಕ್ ಜಿಟಿಓ ತೋರಿಸಿ, ಮಸಲ್ ಕಾರುಗಳ ಕಾಲ ಶುರುವಾದದ್ದು ಇದರಿಂದ ಎನ್ನುತ್ತಾರೆ. ನಡುಗಾತ್ರದ ಕಾರು, ಅದಕ್ಕೆ 6.4 ಲೀಟರಿನ ವಿ-8 ಎಂಜಿನ್. ನಮ್ಮಲ್ಲಿ ಆ ಹೆಸರು ಬಂದದ್ದು ಹಿಂದೂಸ್ತಾನ್ ಮೋಟಾರ್ಸ್‌ನ ಕಾಂಟೆಸ್ಸಾಗೆ. ಬ್ರಿಟನ್ನಿನ ವಾಕ್ಸ್‌ಹಾಲ್ ವಿಕ್ಟರ್‌ನ ಮೈಕಟ್ಟು, ಉದ್ದನೆಯ ಬಾನೆಟ್ಟು, ಗತ್ತಿಗೇನೂ ಕೊರತೆ ಇರಲಿಲ್ಲ. ಆದರೆ 1984ರಲ್ಲಿ ಅದು ಬೀದಿಗೆ ಇಳಿದಾಗ ಬಾನೆಟ್ಟಿನ ಕೆಳಗಿದ್ದದ್ದು ಅಂಬಾಸಡರ್‌ನದೇ 1489 ಸಿಸಿ ಬಿಎಂಸಿ ಎಂಜಿನ್, 50 ಅಶ್ವಶಕ್ತಿಯ ಆಸುಪಾಸಿನದು. ಕೆಲವೇ ವರ್ಷಗಳಲ್ಲಿ ಕಂಪನಿ 1817 ಸಿಸಿಯ ಇಸುಜು ಎಂಜಿನ್ ಕೂರಿಸಿ ‘ಕಾಂಟೆಸ್ಸಾ ಕ್ಲಾಸಿಕ್’ ಎಂದು ಮಾರಿತು. ಅಂದರೆ ಈ ಕಾರಿಗೆ ಮೊದಲು ಎಂಜಿನ್ ಬದಲಿಸಿದ್ದು ಅದನ್ನು ಮಾಡಿದವರೇ. 2002ರಲ್ಲಿ ತಯಾರಿಕೆ ನಿಂತಿತು. ಬದಲಿಸುವ ಹುಚ್ಚು ನಿಲ್ಲಲಿಲ್ಲ.

ತಿಪಟೂರು ಸೀಮೆಯ ಯಾವುದೋ ತೋಟದ ಮನೆಯ ಶೆಡ್ಡಿನಲ್ಲಿ, ಸುಲಿದ ಮಟ್ಟೆಯ ರಾಶಿ ಪಕ್ಕದಲ್ಲಿ, ಅಂಥದೊಂದು ಹಳೆಯ 1.5 ಲೀಟರ್ ಕಾಂಟೆಸ್ಸಾ ನಿಂತಿದೆ ಎಂದುಕೊಳ್ಳಿ. ಕೊಬ್ಬರಿಗೆ ಒಳ್ಳೆ ರೇಟು ಸಿಕ್ಕ ವರ್ಷ ಮನೆಯ ಹುಡುಗನಿಗೆ ಅದನ್ನು ಎಬ್ಬಿಸುವ ಆಸೆ ಹುಟ್ಟುತ್ತದೆ. ಗುಜರಿಯಿಂದ ಎಂಜಿನ್ ಬರುತ್ತದೆ, ಮೌಂಟಿಂಗ್ ವೆಲ್ಡಿಂಗ್ ಆಗುತ್ತದೆ, ಎಂಜಿನ್ ಕೂರುತ್ತದೆ. ಹೊಗೆ ಹೊರಗೆ ಹೋಗುವ ಪೈಪಿಗೆ ಜಾಗವೇ ಇಲ್ಲ ಅಂತ ಗೊತ್ತಾಗುವುದು ಆಮೇಲೆ. ಎಂಜಿನ್ ಆರಿಸುವ ದಿನವೇ, ಎಲ್ಲ ಸಿಲಿಂಡರುಗಳ ಹೊಗೆಯನ್ನು ಕೂಡಿಸಿ ಪೈಪಿಗೆ ಕೊಡುವ ಮ್ಯಾನಿಫೋಲ್ಡನ್ನೂ ಆರಿಸಬೇಕು. ಈ ಲೇಖನದಲ್ಲಿ ನನಗೆ ಹೇಳಲಿಕ್ಕಿರುವುದು ಹೆಚ್ಚುಕಡಿಮೆ ಇಷ್ಟೇ.

ಕಾರಣ ನಮ್ಮ ಸ್ಟೇರಿಂಗ್. ಬಿಎಂಸಿ ಎಂಜಿನ್ನಿನಲ್ಲಿ ಕಾರ್ಬ್ಯುರೇಟರ್, ಎಕ್ಸಾಸ್ಟ್ ಎರಡೂ ಎಡಮಗ್ಗುಲಲ್ಲೇ. ಸ್ಟೇರಿಂಗ್ ರಾಡು ಇಳಿಯುವುದು ಬಲಕ್ಕೆ. ಒಂದಕ್ಕೊಂದು ಜಗಳವಿಲ್ಲ. ಆದರೆ ಆಸೆ ಬೆಳೆದು ಟೊಯೋಟಾದ 2ಜೆಝಡ್ ಟರ್ಬೋ ಎಂಜಿನ್ನಿನವರೆಗೆ ಹೋದರೆ ಅದರ ಎಕ್ಸಾಸ್ಟೂ ಟರ್ಬೋವೂ ಬಲಕ್ಕೇ ಬರುತ್ತವೆ. ಕೆಂಪಗೆ ಕಾಯುವ ಪೈಪು ಸ್ಟೇರಿಂಗ್ ಜಾಯಿಂಟಿನ ಮಗ್ಗುಲಲ್ಲೇ ಹಾದುಹೋಗಬೇಕಾಗುತ್ತದೆ. ಹಳೆ ಕಾರಿಗೆ ಹೊಸ ವಿ-8 ಕೂರಿಸುವ ಅಮೆರಿಕನ್ನರದೂ ಇದೇ ಗೋಳು. ಎರಕದ ಮ್ಯಾನಿಫೋಲ್ಡಿನ ಬದಲು ಬೇರೆ ಬೇರೆ ಕೊಳವೆ ಬೆಸೆದು ಮಾಡಿದ್ದೇ ಹೆಡರ್; ಉದ್ದ ಕೊಳವೆಗಳದ್ದು ತಂದರೆ ಸ್ಟಾರ್ಟರ್ ಮೋಟಾರಿಗೂ ಸ್ಟೇರಿಂಗ್ ಬಾಕ್ಸಿಗೂ ತಾಗುತ್ತದೆ, ಗಿಡ್ಡದ್ದು ಹಾಕಿದರೆ ಶಕ್ತಿ ಸ್ವಲ್ಪ ಬಿಟ್ಟುಕೊಡಬೇಕು.

ಹೆಡರ್ ಶಕ್ತಿ ಹೆಚ್ಚಿಸುವುದು ಹೇಗೆ? ಎಕ್ಸಾಸ್ಟ್ ವಾಲ್ವ್ ತೆರೆದಾಗ ಹೊಗೆಯ ಜೊತೆ ಒತ್ತಡದ ಒಂದು ಅಲೆಯೂ ಪೈಪಿನಲ್ಲಿ ಓಡುತ್ತದೆ. ಪೈಪು ಅಗಲವಾಗುವ ಅಥವಾ ಇನ್ನೊಂದನ್ನು ಕೂಡುವ ಜಾಗದಲ್ಲಿ ಅದು ಎಳೆತದ ಅಲೆಯಾಗಿ ಹಿಂದಿರುಗುತ್ತದೆ. ವಾಲ್ವ್ ಮುಚ್ಚುವುದರೊಳಗೆ ಬಂದು ತಲುಪಿದರೆ ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನು ಎಳೆದುಕೊಂಡು, ಹೊಸ ಗಾಳಿಗೆ ದಾರಿ ಮಾಡುತ್ತದೆ. ಪೈಪು ಉದ್ದವಿದ್ದಷ್ಟೂ ಈ ಲಾಭ ಕಡಿಮೆ ಆರ್‌ಪಿಎಂನಲ್ಲಿ ಸಿಗುತ್ತದೆ, ಗಿಡ್ಡವಿದ್ದರೆ ಮೇಲಿನ ಆರ್‌ಪಿಎಂನಲ್ಲಿ. ದಪ್ಪದ ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. ಒಲೆಯ ಊದುಗೊಳವೆ ಸಣ್ಣಗಿರುವುದರಿಂದಲೇ ಗಾಳಿ ರಭಸವಾಗಿ ನುಗ್ಗುತ್ತದಲ್ಲವೇ, ಇಲ್ಲಿಯೂ ಹಾಗೆ. 1.8 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ನಿಗೆ ಒಂದೂವರೆ ಇಂಚಿನ ಆಸುಪಾಸಿನ ಕೊಳವೆ ಸಾಕು. ಎರಡು ಇಂಚಿನದು ಹಾಕಿಸಿದರೆ ಸದ್ದು ಬರುತ್ತದೆ, ಎಳೆತ ಹೋಗುತ್ತದೆ. ಸದ್ದಿಗಾಗಿಯೇ ಹಾಕಿಸುವವರಿಗೆ ಕೊಡಲು ನನ್ನ ಬಳಿ ಸಲಹೆ ಇಲ್ಲ. ಅವರ ಅಕ್ಕಪಕ್ಕದ ಮನೆಯವರ ಬಳಿ ಇರಬಹುದು.

ಎಂಜಿನ್ ಬದಲಿಸದೆ ಬಿಎಂಸಿಯನ್ನೇ ಉಳಿಸಿಕೊಳ್ಳುವವರಿಗೆ ಒಂದು ಸೊಗಸಾದ ಸಂಗತಿ ಇದೆ. ಅದರ ನಾಲ್ಕು ಸಿಲಿಂಡರಿಗೆ ಎಕ್ಸಾಸ್ಟ್ ಬಾಯಿ ಮೂರೇ. ನಡುವಿನ ಎರಡು ಸಿಲಿಂಡರುಗಳಿಗೆ ಒಂದೇ ಬಾಯಿ. ಸಿಡಿಯುವ ಕ್ರಮ 1-3-4-2 ಆದ್ದರಿಂದ 2 ಮತ್ತು 3ರ ನಡುವೆ ಕ್ರ್ಯಾಂಕಿನ ಪೂರ್ತಿ ಒಂದು ಸುತ್ತಿನ ಅಂತರ. ಒಂದರ ಹೊಗೆ ಇನ್ನೊಂದಕ್ಕೆ ಅಷ್ಟಾಗಿ ಅಡ್ಡ ಬರುವುದಿಲ್ಲ. ಹಾಗಾಗಿ 1 ಮತ್ತು 4ರ ಕೊಳವೆಗಳನ್ನು ಮೊದಲು ಕೂಡಿಸಿ, ನಡುವಿನದನ್ನು ಉದ್ದಕ್ಕೆ ಬಿಟ್ಟು ಕೆಳಗೆ ಸೇರಿಸುವ ಮೂರು ಕವಲಿನ ಹೆಡರ್ ಈ ಜಾತಿಗೆ ಹೇಳಿ ಮಾಡಿಸಿದ್ದು. ಬ್ರಿಟಿಷ್ ಎಂಜಿಬಿ ಕಾರಿನದೂ ಇದೇ ಕುಟುಂಬದ ಎಂಜಿನ್ ಆದ್ದರಿಂದ ಅದಕ್ಕೆ ಅಂಥವು ಇಂದಿಗೂ ಸಿಗುತ್ತವೆ. ಆದರೆ ಕೆಳಗಿನ ಬೆಂಡು ಕಾಂಟೆಸ್ಸಾದ ಕ್ರಾಸ್ ಮೆಂಬರನ್ನು ತಪ್ಪಿಸಿಕೊಂಡು ಹೋಗುತ್ತದೆಂದು ನಂಬಿ ಹಣ ಕಟ್ಟಬೇಡಿ. ಇನ್ನೊಂದು: ಇನ್ಲೆಟ್, ಎಕ್ಸಾಸ್ಟ್ ಎರಡನ್ನೂ ಒಂದೇ ಸ್ಟಡ್ಡಿನ ದಪ್ಪ ವಾಷರ್ ಒತ್ತಿ ಹಿಡಿಯುತ್ತದೆ. ಎರಡರ ಫ್ಲೇಂಜೂ ಸಮ ದಪ್ಪವಿಲ್ಲದಿದ್ದರೆ ಗ್ಯಾಸ್ಕೆಟ್ ಎಷ್ಟು ಬದಲಿಸಿದರೂ ಸೋರುವುದು ತಪ್ಪದು.

1.8ಕ್ಕೆ ಹೋಗುವವರಿಗೆ ನನ್ನ ಮಾತು ಸಪ್ಪೆ ಅನ್ನಿಸಬಹುದು. ಇಸುಜು ಎಂಜಿನ್ನಿನ ಜೊತೆ ಅದರದೇ ಎರಕದ ಮ್ಯಾನಿಫೋಲ್ಡ್, ಅದರ ಕೆಳಗಿನ ಪೈಪು, ಮೌಂಟಿಂಗ್, ಗೇರ್‌ಬಾಕ್ಸ್ ಎಲ್ಲ ಒಂದೇ ಕಾರಿನಿಂದ ಎತ್ತಿ ತನ್ನಿ. ನಮ್ಮ ದಾರಿಗಳಿಗೆ ಅದೇ ಸರಿ. ಕೆ.ಬಿ. ಕ್ರಾಸಿನಲ್ಲಿ ಹೆದ್ದಾರಿ ಬಿಟ್ಟು ತುರುವೇಕೆರೆ ಕಡೆಗೋ ಚಿಕ್ಕನಾಯಕನಹಳ್ಳಿ ಕಡೆಗೋ ಹೊರಳಿ, ಅಲ್ಲಿಂದ ತೋಟದ ಗಾಡಿಜಾಡಿಗೆ ಇಳಿದರೆ ನಡುದಿಣ್ಣೆ ಮೊದಲು ಕೆರೆಯುವುದು ಜೋತುಬಿದ್ದ ಹೆಡರನ್ನೇ. ಅದಕ್ಕಿಂತ ದೊಡ್ಡ ಭಯ ಬೆಂಕಿಯದು. ತೆಳು ಉಕ್ಕಿನ ಕೊಳವೆ ಸುತ್ತಲಿಗೆ ಹೆಚ್ಚು ಕಾವು ಬಿಡುತ್ತದೆ. ಜೋರಾಗಿ ಓಡಿಸಿದಾಗ 300 ಡಿಗ್ರಿ ದಾಟುವುದು ದೊಡ್ಡ ಮಾತಲ್ಲ. ಅಂಥ ಕಾರನ್ನು ನಾರು, ಒಣಗರಿ ಹರಡಿದ ನೆಲದ ಮೇಲೆ, ಅಟ್ಟದ ತುಂಬ ಕೊಬ್ಬರಿ ಒಣಗುತ್ತಿರುವ ಮನೆಯ ಪಕ್ಕಕ್ಕೆ ತಂದು ನಿಲ್ಲಿಸುವುದು ನನಗಂತೂ ಧೈರ್ಯವಲ್ಲ, ಹುಂಬತನ. ಹೆಡರ್ ಬೇಕೇ ಬೇಕೆಂದರೆ ಕಾವು ತಡೆಯುವ ತಗಡಿನ ಮರೆಯನ್ನೂ ಅದೇ ಖರ್ಚಿನಲ್ಲಿ ಲೆಕ್ಕ ಹಾಕಿ.

ಪೈಪು ಮಾಡಿಸುವಾಗ ಎಂಜಿನ್, ಗೇರ್‌ಬಾಕ್ಸ್, ಸ್ಟೇರಿಂಗ್ ಎಲ್ಲ ಜಾಗದಲ್ಲಿ ಕೂತಿರಲಿ, ಚಕ್ರಗಳ ಮೇಲೆ ಕಾರಿನ ಪೂರ್ತಿ ಭಾರ ಇರಲಿ. ಕಾರಿನಲ್ಲೇ ಟ್ಯಾಕ್ ವೆಲ್ಡಿಂಗ್ ಮಾಡಿಸಿ, ಸ್ಟೇರಿಂಗನ್ನು ಎರಡೂ ಕಡೆಗೆ ಕೊನೆಯವರೆಗೆ ತಿರುಗಿಸಿ ನೋಡಿ, ಆಮೇಲೆ ಬಿಚ್ಚಿ ಪೂರ್ತಿ ಬೆಸೆಸಿ. ಎಂಜಿನ್ ಅದುರಿ ಅಲ್ಲಾಡುತ್ತದೆ, ಬೆರಳು ಹೋಗುವಷ್ಟಾದರೂ ಸಂದು ಎಲ್ಲ ಕಡೆ ಬೇಕು.

ಇಷ್ಟೆಲ್ಲ ಮಾಡುವ ಮೊದಲು ಒಮ್ಮೆ ಕೆಎ-44ರ, ಅಂದರೆ ತಿಪಟೂರಿನ, ಆರ್‌ಟಿಓ ಕಚೇರಿಗೆ ಹೋಗಿಬನ್ನಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ನೋಂದಣಿ ಪತ್ರದಲ್ಲಿರುವ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಕಾಂಟೆಸ್ಸಾಗೆ ಜಪಾನಿನ ಟರ್ಬೋ ಎಂಜಿನ್ ಕೂರಿಸಿ ಅನುಮತಿ ಕೇಳಿದರೆ ಏನಾಗುತ್ತದೆಂದು ಊಹಿಸುವುದು ಕಷ್ಟವಲ್ಲ. ಕಂಪನಿಯೇ ಈ ಕಾರಿಗೆ ಹಾಕಿದ್ದ ಎಂಜಿನ್ನಾದರೆ ಕೇಳಲು ಒಂದು ನೆಲೆಯಾದರೂ ಇರುತ್ತದೆ. ಆಗಲೂ ಒಪ್ಪಿಗೆ ಸಿಕ್ಕಿ ಹೊಸ ಎಂಜಿನ್ ನಂಬರು ಆರ್‌ಸಿಗೆ ಏರುವವರೆಗೆ ವೆಲ್ಡರಿಗೆ ಮುಂಗಡ ಕೊಡಬೇಡಿ.